ಮತ್ತೊಂದು ಸಲ ಕೇಳುವುದು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪನ ಮೇಲೆ ತೆಂಗಿನಕಾಯಿ ಕದ್ದ ಆರೋಪ ಬಂತು. ಊರಿನ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಕಟ್ಟೆಯ ಮೇಲೆ ಯಜಮಾನರು, ಕೆಳಗೆ ಮಣ್ಣಿನಲ್ಲಿ ನಮ್ಮಪ್ಪ. ಅರ್ಧ ಗಂಟೆಯೊಳಗೆ ತೀರ್ಮಾನ ಆಯ್ತು: ಐನೂರು ರೂಪಾಯಿ ತಪ್ಪುಗಾಣಿಕೆ. ಕಳವಾಯಿತು ಅನ್ನುವ ರಾತ್ರಿ ಅಪ್ಪ ಊರಲ್ಲೇ ಇರಲಿಲ್ಲ. ನನ್ನ ತಂಗಿಗೆ ಜ್ವರ ನೆತ್ತಿಗೇರಿತ್ತು, ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದ. ಅದನ್ನು ಅಲ್ಲೇ ಹೇಳಿದ. "ಕಳ್ಳರೆಲ್ಲಾ ಹಿಂಗೇ ಹೇಳೋದು" ಅಂದರು.

ಮೂರು ದಿನ ಬಿಟ್ಟು ಅಪ್ಪ ಆಸ್ಪತ್ರೆಯ ಚೀಟಿ ಹುಡುಕಿ ಹಿಡಿದುಕೊಂಡು ಮತ್ತೆ ಹೋದ. ನಾನೂ ಹಿಂದೆ ಹೋದೆ. ಚೀಟಿಯಲ್ಲಿ ಸೀಲಿತ್ತು, ತಾರೀಖಿತ್ತು. "ಬುದ್ಧಿ, ಇನ್ನೊಂದ್ಸಲ ನೋಡ್ಬೇಕು" ಅಂತ ಅಪ್ಪ ಚೀಟಿ ಚಾಚಿದ. ಯಾರೂ ಅದನ್ನು ಕೈಗೆ ತಗೊಳ್ಳಲಿಲ್ಲ. ಕಟ್ಟೆಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಂತ. "ತಾರೀಖು ನಾನು ಓದ್ತೀನಿ" ಅಂದೆ. ಹಿರಿಯರೊಬ್ಬರು ನನ್ನ ಕಡೆ ತಿರುಗದೆ ಅಪ್ಪನಿಗೆ ಹೇಳಿದರು: "ಏನ್ಲಾ, ಉಗುಳಿದ್ದನ್ನ ಮತ್ತೆ ನೆಕ್ಕು ಅಂತೀಯಾ ನಮಗೆ?" ಮತ್ತೆ ಕೇಳಿದ್ದೇ ತಪ್ಪಾಗಿ ತಪ್ಪುಗಾಣಿಕೆಗೆ ಇನ್ನೂ ಇನ್ನೂರೈವತ್ತು ಸೇರಿತು.

ಆ ಚೀಟಿ ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದನ್ನು ಮತ್ತೆ ನೆನಪಿಗೆ ತಂದವಳು ನಮ್ಮ ದೊಡ್ಡವ್ವ.

ದೊಡ್ಡವ್ವನ ಮಾವನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ಜಮೀನು 1984ರಲ್ಲಿ ಸಾಲದ ಲೆಕ್ಕದಲ್ಲಿ ಕೈಬಿಟ್ಟು ಹೋಗಿತ್ತು. ದಲಿತರಿಗೆ, ಆದಿವಾಸಿಗಳಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ, ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ಊರ್ಜಿತವಲ್ಲ, ಜಮೀನನ್ನು ಬಿಡಿಸಿ ಕೊಡಬೇಕು ಅಂತ ಕರ್ನಾಟಕದಲ್ಲಿ 1978ರ ಕಾಯ್ದೆ ಇದೆ. ನಮ್ಮ ಕಡೆ ಪಿಟಿಸಿಎಲ್ ಅಂತಾರೆ. ಅದನ್ನು ಹಿಡಿದು 2012ರಲ್ಲಿ ದೊಡ್ಡವ್ವ ಅರ್ಜಿ ಹಾಕಿದಳು. ಕೆಳಗೆ ಗೆದ್ದಳು, ಮೇಲೆ ಮೇಲೆ ಹೋದಂತೆ ಸೋತಳು. ಕಡೆಗೆ ಮೇಲ್ಮನವಿ ಕೋರ್ಟು ಕೂಡ, ಇಪ್ಪತ್ತೆಂಟು ವರ್ಷ ಸುಮ್ಮನಿದ್ದು ಈಗ ಬಂದಿದ್ದಾರೆ, ತಡವಾಯಿತು ಅಂತ ತಳ್ಳಿಹಾಕಿತು. ತೀರ್ಪಿನ ನಕಲು ತಂದು "ಓದು ಮಗಾ" ಅಂದಳು. ಓದಿ, ಅರ್ಥ ಮಾಡಿಸಿದೆ. ಎಲ್ಲಾ ಮುಗಿದ ಮೇಲೆ ಒಂದೇ ಮಾತು: "ಇನ್ನೊಂದ್ಸಲ ಕೇಳಬೋದಾ? ಕೇಳಿದ್ದೇ ತಪ್ಪಾಗ್ತದಾ?"

ಗೆಳೆಯರೆ, ಇದು ಕಾನೂನಿನ ಪ್ರಶ್ನೆ ಮಾತ್ರ ಅಲ್ಲ. ತೀರ್ಪು ಕೊಟ್ಟವರ ಬಾಗಿಲಿಗೇ ಹೋಗಿ 'ನಿಮ್ಮ ತೀರ್ಪು ತಪ್ಪು, ಮತ್ತೆ ನೋಡಿ' ಅನ್ನುವುದು ಏನು? ಭಿಕ್ಷೆಯೆ, ಉದ್ಧಟತನವೆ, ಹಕ್ಕೆ? ನಮ್ಮ ಸಂಗಾತಿಗಳಲ್ಲೇ ಕೆಲವರು 'ಇನ್ನೂ ಎಷ್ಟು ದಿನ ಕೈಮುಗಿದು ನಿಲ್ತೀರಿ, ಬೀದಿಗೆ ಬನ್ನಿ' ಅಂತಾರೆ. ಊರಿನ ದೊಡ್ಡವರು 'ಕೋರ್ಟೇ ಹೇಳಿದ ಮೇಲೆ ಮುಗೀತು, ಇನ್ನೇನು ನಿಮ್ಮ ತಕರಾರು' ಅಂತಾರೆ. ಈ ಎರಡು ಮಾತಿಗೂ ನಾನು ಉತ್ತರ ಹುಡುಕಬೇಕಾಗಿದೆ. ಯಾಕೆಂದರೆ ಅರ್ಜಿ ಬರೆಯಬೇಕಾದವನು ನಾನು.

*

ಕನ್ನಡದಲ್ಲಿ ಕೇಳು ಅನ್ನುವ ಮಾತಿಗೆ ಎರಡು ಅರ್ಥ. ಬಾಯಿಂದ ಕೇಳುವುದೂ ಕೇಳುವುದೇ, ಕಿವಿಯಿಂದ ಕೇಳುವುದೂ ಕೇಳುವುದೇ. ಈ ಮಾತನ್ನು ಕಟ್ಟಿದ ಜನಕ್ಕೆ ಇವೆರಡೂ ಒಂದೇ ಕೆಲಸದ ಎರಡು ತುದಿಗಳಾಗಿ ಕಂಡಿರಬೇಕು. ನಮ್ಮೂರಿನ ಕಟ್ಟೆಯಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿತು. ಅಪ್ಪ ಕೇಳಿದ, ಯಾರೂ ಕೇಳಲಿಲ್ಲ.

ಕೋರ್ಟಿನ ಅರ್ಜಿಯಲ್ಲಿ ಕೊನೆಗೆ, ನಮಗೇನು ಬೇಕು ಅಂತ ಬರೆಯುವ ಭಾಗಕ್ಕೆ 'ಪ್ರಾರ್ಥನೆ' ಅಂತ ಹೆಸರು. ಮೊದಲ ಸಲ ಆ ಪದ ಬರೆಯುವಾಗ ನನ್ನ ಕೈ ತಡೆಯಿತು. ದೇವಸ್ಥಾನದ ಹೊಸ್ತಿಲು ತುಳಿಯದ ತಾತನ ಮೊಮ್ಮಗ ನಾನು. ಕಲ್ಲಿನ ದೇವರಿಗೆ ಪ್ರಾರ್ಥನೆ ಮಾಡಲು ಬಿಡದವರ ದೇಶದಲ್ಲಿ ಕರಿಕೋಟಿನ ದೇವರಿಗೆ ಮಾಡಬೇಕೆ? ಆಮೇಲೆ ಯೋಚನೆ ಮಾಡಿದೆ. ಪದ ಹಳೆಯದು, ಆದರೆ ಅದರ ಹಿಂದಿರುವ ಏರ್ಪಾಟು ಬೇರೆ. ದೇವರು ಕಾರಣ ಕೊಡುವುದಿಲ್ಲ. ಕೋರ್ಟು ಕಾರಣ ಬರೆಯಬೇಕು. ಬರೆದ ಕಾರಣದಲ್ಲಿ ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದು. ಸಂವಿಧಾನದ 137ನೇ ವಿಧಿ ಸುಪ್ರೀಂ ಕೋರ್ಟಿಗೆ ತಾನು ಕೊಟ್ಟ ತೀರ್ಪನ್ನೇ ಮತ್ತೆ ಪರಿಶೀಲಿಸುವ ಅಧಿಕಾರ ಕೊಟ್ಟಿದೆ. ಸಿವಿಲ್ ವ್ಯವಹಾರದಲ್ಲಿ ಉಳಿದ ಕೋರ್ಟುಗಳಿಗೂ ಅಂಥ ಅಧಿಕಾರವಿದೆ. ಇದರ ಅರ್ಥ ಏನು? ದೇಶದ ಅತಿ ದೊಡ್ಡ ಕಟ್ಟೆಯ ಮೇಲೆ ಕೂತವರೂ ತಪ್ಪಬಹುದು ಅಂತ ಸಂವಿಧಾನ ಮೊದಲೇ ಒಪ್ಪಿಕೊಂಡಿದೆ ಅಂತ.

ಮನುವಿನ ಪುಸ್ತಕದ ಮಾತು ಬೇರೆ. ಅಲ್ಲಿ ಹುಟ್ಟೇ ತೀರ್ಪು. ಅದರ ಮೇಲೆ ಅಪೀಲಿಲ್ಲ, ಮರುಪರಿಶೀಲನೆಯಿಲ್ಲ. ಬಾಬಾಸಾಹೇಬರು ಮಹಾಡದಲ್ಲಿ ಮಾಡಿದ್ದನ್ನು ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಚೌದಾರ ಕೆರೆಯ ನೀರು ಮುಟ್ಟಿದರು. ಡಿಸೆಂಬರಿನಲ್ಲಿ ಎರಡನೇ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರುವ ಹೊತ್ತಿಗೆ ಸವರ್ಣರು ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಅಂಬೇಡ್ಕರ್ ಆ ತಡೆಯಾಜ್ಞೆಯನ್ನು ಮೀರಲಿಲ್ಲ. ಅದೇ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. ಕೋರ್ಟಿನ ಕಾಗದವನ್ನು ಸುಡಲಿಲ್ಲ, ಅದರ ವಿರುದ್ಧ ಕೋರ್ಟಿನಲ್ಲೇ ನಿಂತರು. ಹತ್ತು ವರ್ಷದ ಮೇಲೆ, 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ಸವರ್ಣರ ಅಪೀಲನ್ನು ವಜಾ ಮಾಡಿತು. ತಿದ್ದಲು ಬಾರದ್ದನ್ನು ಸುಡಬೇಕು, ತಿದ್ದಲು ಬರುವುದನ್ನು ತಿದ್ದಿಸಬೇಕು ಅನ್ನುವ ವ್ಯತ್ಯಾಸ ಅವರಿಗೆ ಗೊತ್ತಿತ್ತು. ಹಾಗಾಗಿ ಮರುಪರಿಶೀಲನೆ ಕೇಳುವುದು ಭಿಕ್ಷೆ ಅಲ್ಲ. ನಾವು ಕೇಳುವುದನ್ನು ನಿಲ್ಲಿಸಿದ ದಿನ ಕೋರ್ಟಿನ ತೀರ್ಪೂ ಶಾಸ್ತ್ರವಾಗುತ್ತದೆ.

*

ಆದರೆ ಮಹಾಡದ ಕಥೆಯಲ್ಲಿ ನಮಗೇ ತಿರುಗಿ ನಿಲ್ಲುವ ಒಂದು ಮುಳ್ಳಿದೆ. ಆ ಹತ್ತು ವರ್ಷ ಕೋರ್ಟಿನಿಂದ ಕೋರ್ಟಿಗೆ ಅಲೆದಾಡಿಸಿದವರು ಯಾರು? ಸವರ್ಣರೇ. ಕೆಳಗೆ ಸೋತರು, ಮೇಲೆ ಹೋದರು. ಕೈಯಲ್ಲಿ ಕಾಸಿದ್ದವನು ಮತ್ತೆ ಮತ್ತೆ ಕೇಳುತ್ತಾನೆ. ಕೂಲಿ ಬಿಟ್ಟು ಬಂದವನು ಒಂದು ಸಲ ಕೇಳುವಷ್ಟರಲ್ಲಿ ಸುಸ್ತಾಗುತ್ತಾನೆ. ತೀರ್ಪಿಗೆ ಕೊನೆಯೇ ಇಲ್ಲ ಅಂತಾದರೆ ಮೊದಲು ಸಾಯುವವರು ನಾವೇ. ಆದ್ದರಿಂದ 'ಎಲ್ಲೋ ಒಂದು ಕಡೆ ಮುಗಿಯಬೇಕು' ಅನ್ನುವ ಮಾತನ್ನು ನಾನು ಹೀಗಳೆಯಲಾರೆ. ಅದು ಬಡವನ ಪರವಾದ ಮಾತೂ ಹೌದು.

ಹಾಗಾದರೆ ಮತ್ತೆ ಕೇಳುವುದು ಯಾವಾಗ ನ್ಯಾಯ? ನನಗೆ ಕಂಡದ್ದು ಇಷ್ಟು. ಸೋತೆ ಅಂತ ಕೇಳುವುದು ಬೇರೆ, ನನ್ನ ಮಾತು ಕೇಳಿಸಲೇ ಇಲ್ಲ ಅಂತ ಕೇಳುವುದು ಬೇರೆ. ಅಪ್ಪ ಸೋತದ್ದಕ್ಕೆ ವಾಪಸ್ಸು ಹೋಗಲಿಲ್ಲ. ಐನೂರು ಕಟ್ಟಿ ಸುಮ್ಮನಿರುವುದು ಅವನಿಗೆ ಗೊತ್ತಿತ್ತು, ಅಂಥವು ಎಷ್ಟೋ ಕಟ್ಟಿದ್ದ. ಕೈಯಲ್ಲಿ ತಾರೀಖಿತ್ತು, ಅದನ್ನು ಯಾರೂ ನೋಡಿರಲಿಲ್ಲ, ಅದಕ್ಕೆ ಹೋದ. ನೋಡಿ, ಓದಿ, ಆಮೇಲೆ 'ಇಲ್ಲ' ಅಂದಿದ್ದರೆ ಅದು ತೀರ್ಪು. ನೋಡದೆ ಅಂದರೆ ಬರೀ ಬಲ.

ಕಾನೂನೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಸಿವಿಲ್ ಸಂಹಿತೆಯ ಪ್ರಕಾರ ಮರುಪರಿಶೀಲನೆಗೆ ಕಾರಣಗಳು ಮೂರು: ಎಷ್ಟು ಎಚ್ಚರವಿದ್ದರೂ ಆಗ ಸಿಗದೆ ಹೊಸದಾಗಿ ಸಿಕ್ಕ ಮುಖ್ಯ ಸಾಕ್ಷ್ಯ, ದಾಖಲೆಯ ಮುಖದ ಮೇಲೇ ಎದ್ದು ಕಾಣುವ ತಪ್ಪು, ಅಂಥದ್ದೇ ಬೇರೆ ಸಾಕಾದ ಕಾರಣ. ಬರೀ 'ತೀರ್ಪು ನನಗೆ ಹಿಡಿಸಲಿಲ್ಲ' ಅಂದರೆ ನಡೆಯುವುದಿಲ್ಲ. ಸರಿಯೇ.

ತೊಡಕಿರುವುದು ಬಾಗಿಲಿನ ಅಗಲದಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಮರುಪರಿಶೀಲನೆಗೆ ಮೂವತ್ತು ದಿನ. ಆದಷ್ಟೂ ತೀರ್ಪು ಕೊಟ್ಟ ನ್ಯಾಯಮೂರ್ತಿಗಳ ಮುಂದೆಯೇ ಅರ್ಜಿ ಹೋಗುತ್ತದೆ. ಸಾಮಾನ್ಯವಾಗಿ ಕೋಣೆಯೊಳಗೆ ಕಾಗದ ತಿರುವಿ ನೋಡುತ್ತಾರೆ, ವಕೀಲರ ವಾದ ಇರುವುದಿಲ್ಲ. ಗಲ್ಲು ಶಿಕ್ಷೆಯಾದವರ ಅರ್ಜಿಯನ್ನಾದರೂ ತೆರೆದ ಕೋರ್ಟಿನಲ್ಲಿ ಕೇಳಬೇಕು ಅಂತ ಆದದ್ದು 2014ರಲ್ಲಿ. ಮರುಪರಿಶೀಲನೆಯಲ್ಲೂ ಸೋತವರಿಗೆ 2002ರಲ್ಲಿ ಕ್ಯುರೇಟಿವ್ ಅರ್ಜಿ ಅಂತ ಇನ್ನೊಂದು ಕಿಂಡಿ ತೆರೆಯಿತು. ಅದಕ್ಕೆ ಹಿರಿಯ ವಕೀಲರೊಬ್ಬರ ಸರ್ಟಿಫಿಕೇಟು ಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಂತೂ ಸಹಿ ಬಿದ್ದ ತೀರ್ಪನ್ನು ಅದೇ ಕೋರ್ಟು ಮುಟ್ಟುವಂತಿಲ್ಲ. ಬರವಣಿಗೆಯ ತಪ್ಪು, ಲೆಕ್ಕದ ತಪ್ಪು ತಿದ್ದಬಹುದು, ಅಷ್ಟೆ. ಹಳೆಯ ಸಂಹಿತೆಯ 362ನೇ ಕಲಮು ಹೀಗೆ ಹೇಳುತ್ತಿತ್ತು. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯ 403ನೇ ಕಲಮೂ ಅದನ್ನೇ ಹೇಳುತ್ತದೆ. ಹೆಸರಿನ ಕಾಗುಣಿತ ತಪ್ಪಿದ್ದರೆ ತಿದ್ದುತ್ತಾರೆ. ಆ ಹೆಸರಿನವನಿಗೆ ಅನ್ಯಾಯ ಆಗಿದ್ದರೆ ಅಲ್ಲಿ ತಿದ್ದಲಾಗದು, ಇನ್ನೂ ಮೇಲಿನ ಬಾಗಿಲು ತಟ್ಟಬೇಕು.

ಇನ್ನು 'ದಾಖಲೆಯ ಮುಖ' ಅಂದರೇನು? ಅದು ಯಾರ ಕಣ್ಣಿಗೆ ಕಾಣುವ ಮುಖ? ಅಪ್ಪನ ಚೀಟಿಯ ಮುಖದ ಮೇಲೆ ತಾರೀಖು ಎದ್ದು ಕಾಣುತ್ತಿತ್ತು. ಆದರೆ ಕೈಗೆ ತಗೊಳ್ಳದ ಕಾಗದ ದಾಖಲೆಯೇ ಆಗುವುದಿಲ್ಲ.

*

2018ರ ಮಾರ್ಚ್ 20ರಂದು, ಮಹಾಡದ ಕೆರೆ ಮುಟ್ಟಿದ ತಾರೀಖಿನಂದೇ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಎ.ಕೆ. ಗೋಯೆಲ್ ಮತ್ತು ಯು.ಯು. ಲಲಿತ್, ಸುಭಾಷ್ ಕಾಶೀನಾಥ್ ಮಹಾಜನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟರು. ಮಹಾರಾಷ್ಟ್ರದ ಒಬ್ಬ ದಲಿತ ನೌಕರನಿಗೂ ಮೇಲಧಿಕಾರಿಗಳಿಗೂ ನಡೆದ ವ್ಯಾಜ್ಯ ಅದು. ಆ ಒಂದು ವ್ಯಾಜ್ಯದ ನೆಪದಲ್ಲಿ ಇಡೀ ದೇಶಕ್ಕೆ ಆದೇಶ ಹೊರಟಿತು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಬಂದರೆ ಮೊದಲು ಡಿವೈಎಸ್ಪಿ ಪ್ರಾಥಮಿಕ ವಿಚಾರಣೆ ಮಾಡಬಹುದು. ಸರ್ಕಾರಿ ನೌಕರನನ್ನು ಬಂಧಿಸಲು ನೇಮಕಾತಿ ಅಧಿಕಾರಿಯ ಒಪ್ಪಿಗೆ ಬೇಕು, ಉಳಿದವರನ್ನು ಬಂಧಿಸಲು ಎಸ್ಪಿ ಮಟ್ಟದ ಅಧಿಕಾರಿಯ ಒಪ್ಪಿಗೆ ಬೇಕು. ಮೇಲ್ನೋಟಕ್ಕೆ ಹುರುಳಿಲ್ಲದ ದೂರಾದರೆ ನಿರೀಕ್ಷಣಾ ಜಾಮೀನೂ ಕೊಡಬಹುದು. ಕಾರಣ? ಕಾಯ್ದೆ ದುರುಪಯೋಗ ಆಗುತ್ತಿದೆ ಅಂತ.

ಆ ತೀರ್ಪಿನಲ್ಲಿ ಒಂದು ಲೆಕ್ಕ ಬರುತ್ತದೆ. 2015ರಲ್ಲಿ ಕೋರ್ಟುಗಳು ಇತ್ಯರ್ಥ ಮಾಡಿದ 15,638 ಪ್ರಕರಣಗಳಲ್ಲಿ 11,024 ಖುಲಾಸೆ ಅಥವಾ ಬಿಡುಗಡೆ, 495 ವಾಪಸ್ಸು, 4,119ರಲ್ಲಿ ಮಾತ್ರ ಶಿಕ್ಷೆ. ಈ ಲೆಕ್ಕವನ್ನು ಎರಡು ಥರ ಓದಬಹುದು. ಹನ್ನೊಂದು ಸಾವಿರ ಜನ ಸುಳ್ಳು ಹೇಳಿದರು ಅಂತ ಒಂದು ಓದು. ಹನ್ನೊಂದು ಸಾವಿರ ಪ್ರಕರಣಗಳಲ್ಲಿ ನಮ್ಮ ಜನ ನಿಜ ಹೇಳಿ ಉಳಿಯುವುದಕ್ಕೆ ಆಗಲಿಲ್ಲವೇನೋ ಅಂತ ಇನ್ನೊಂದು ಓದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಲೆಕ್ಕದ ಪುಸ್ತಕದಲ್ಲಿ ಅದೂ 'ಖುಲಾಸೆ'ಯ ಕಾಲಮ್ಮಿಗೇ ಸೇರುತ್ತದೆ. ಆ ಏಳು ಹೆಣ ಸುಳ್ಳೆ?

2018ರ ಏಪ್ರಿಲ್ 2ರಂದು ಭಾರತ ಬಂದ್ ಆಯಿತು. ಗ್ವಾಲಿಯರ್, ಭಿಂಡ್, ಮೊರೇನಾಗಳಲ್ಲಿ ಗುಂಡು ಹಾರಿದವು. ದೇಶದಲ್ಲಿ ಕಡಿಮೆಯೆಂದರೂ ಒಂಬತ್ತು ಜನ ಸತ್ತರು. ಅದೇ ದಿನ ಕೇಂದ್ರ ಸರ್ಕಾರ ಮರುಪರಿಶೀಲನಾ ಅರ್ಜಿ ಹಾಕಿತು. ಮಾರನೆಯ ದಿನ ಕೋರ್ಟು ತೀರ್ಪಿಗೆ ತಡೆ ಕೊಡಲಿಲ್ಲ. ಆಗಸ್ಟಿನಲ್ಲಿ ಸಂಸತ್ತು 18ಎ ಕಲಮು ಸೇರಿಸಿ, ಪ್ರಾಥಮಿಕ ವಿಚಾರಣೆಯೂ ಬೇಡ, ಬಂಧನಕ್ಕೆ ಒಪ್ಪಿಗೆಯೂ ಬೇಡ ಅಂದಿತು. 2019ರ ಅಕ್ಟೋಬರ್ 1ರಂದು ಅರುಣ್ ಮಿಶ್ರಾ, ಎಂ.ಆರ್. ಶಾ, ಬಿ.ಆರ್. ಗವಾಯಿ, ಈ ಮೂವರ ಪೀಠ ಹಳೆಯ ಆದೇಶಗಳನ್ನು ವಾಪಸ್ಸು ಪಡೆಯಿತು. ಮೊದಲಿನ ಇಬ್ಬರಲ್ಲಿ ಯಾರೂ ಈ ಪೀಠದಲ್ಲಿರಲಿಲ್ಲ. ಹೊಸ ಮೂವರಲ್ಲಿ ಗವಾಯಿಯವರು ಮಹಾರಾಷ್ಟ್ರದ ಅಂಬೇಡ್ಕರ್‌ವಾದಿ ನಾಯಕ ಆರ್.ಎಸ್. ಗವಾಯಿಯವರ ಮಗ. ಸುಳ್ಳು ದೂರು ಕೊಡುವುದು ಮನುಷ್ಯನ ದೌರ್ಬಲ್ಯ, ಅದು ಜಾತಿಯಿಂದ ಬರುವುದಲ್ಲ. ಒಂದು ಸಮುದಾಯವೇ ಕಾನೂನನ್ನು ದುರುಪಯೋಗ ಮಾಡುತ್ತದೆ ಅಂತ ಎಣಿಸುವುದು ಮನುಷ್ಯ ಘನತೆಗೆ ವಿರುದ್ಧ. ಬೇರೆಯವರ ದೂರಿಗೆ ಇಲ್ಲದ ಅಡ್ಡಿ ಇವರ ದೂರಿಗೆ ಮಾತ್ರ ಯಾಕೆ? ತೀರ್ಪಿನ ಸಾರ ಇದು. 2020ರ ಫೆಬ್ರವರಿಯಲ್ಲಿ 18ಎ ಕಲಮೂ ಕೋರ್ಟಿನಲ್ಲಿ ಉಳಿಯಿತು.

ಇಲ್ಲಿ ಕಾಯ್ದೆ ಹಳೆಯದೇ, ಲೆಕ್ಕದ ಅಂಕಿಗಳೂ ಹಳೆಯವೇ. ಓದಿದ ಕಣ್ಣು ಬೇರೆ. ಕೋರ್ಟಿನ ಮರ್ಯಾದೆ ಏನಾದರೂ ಕಡಿಮೆಯಾಯಿತೆ? ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿತನಿಗೆ ಕೋರ್ಟಿನ ಬಾಗಿಲೇ ಇಲ್ಲ ಅಂದ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. 2017ರಲ್ಲಿ ಆ ತೀರ್ಪು ತಪ್ಪು ಅಂತ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಅಪ್ಪನ ಮಾತನ್ನು ಮಗ ತಿದ್ದಿದರೆ ಅದನ್ನು ಉಗುಳು ನೆಕ್ಕುವುದು ಅಂತ ಯಾರೂ ಅನ್ನಲಿಲ್ಲ.

ಆದರೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. 2019ರ ಗೆಲುವಿನ ಹಿಂದೆ ಕೇಂದ್ರ ಸರ್ಕಾರದ ಅರ್ಜಿ ಇತ್ತು, ಸಂಸತ್ತಿತ್ತು, ಬೀದಿ ತುಂಬ ಜನವಿತ್ತು, ಹೆಣಗಳಿದ್ದವು. ಕೋರ್ಟಿನ ಕಿವಿ ತೆರೆಯುವುದಕ್ಕೆ ಇಷ್ಟೆಲ್ಲ ಬೇಕಾದರೆ ಒಂಟಿ ಹೆಂಗಸೊಬ್ಬಳ ಅರ್ಜಿಯ ಗತಿ ಏನು? 'ಬೀದಿಗೆ ಬನ್ನಿ' ಅನ್ನುವ ಸಂಗಾತಿಗಳಿಗೆ ನನ್ನ ಉತ್ತರ ಇಷ್ಟೆ: ಬೀದಿ ಬೇಕು, ಆದರೆ ಅರ್ಜಿಯ ಜಾಗದಲ್ಲಿ ಅಲ್ಲ, ಅರ್ಜಿಯ ಬೆನ್ನಿಗೆ. ಏಪ್ರಿಲ್ 2ರಂದು ಬೀದಿಯಲ್ಲಿದ್ದವರು ಕೇಳಿದ್ದೂ ಇದನ್ನೇ, ಮತ್ತೊಂದು ಸಲ ನೋಡಿ ಅಂತ.

*

ಸೋಲುತ್ತೇವೆ ಅಂತ ಗೊತ್ತಿದ್ದೂ ಕೇಳಬೇಕೆ? ಇದಕ್ಕೂ ಒಂದು ಹಳೆಯ ಉತ್ತರವಿದೆ. 1972ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರೇ ಅತ್ಯಾಚಾರ ಮಾಡಿದರು ಅನ್ನುವ ಪ್ರಕರಣ. ಹೈಕೋರ್ಟಿನಲ್ಲಿ ಶಿಕ್ಷೆಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು: ಮೈಮೇಲೆ ಗಾಯವಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಅಂತ. ಒಂದು ವರ್ಷದ ಮೇಲೆ, 1979ರ ಸೆಪ್ಟೆಂಬರಿನಲ್ಲಿ, ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮವಾರ್, ರಘುನಾಥ್ ಕೇಳ್ಕರ್, ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿಕೆಯಿಂದ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಅಂತ ವಿವರಿಸಿದರು. ಕೋರ್ಟು ತೀರ್ಪನ್ನು ಬದಲಿಸಲಿಲ್ಲ. ಆದರೆ ಆ ಪತ್ರ ಕೈಯಿಂದ ಕೈಗೆ ಹೋಯಿತು, ಹೆಂಗಸರು ಊರೂರಲ್ಲಿ ಬೀದಿಗಿಳಿದರು, 1983ರಲ್ಲಿ ಕಾನೂನೇ ಬದಲಾಯಿತು. ಠಾಣೆಯಲ್ಲಿ, ಅಂಥ ಅಧಿಕಾರದ ಜಾಗದಲ್ಲಿ ನಡೆದ ಅತ್ಯಾಚಾರದಲ್ಲಿ ಹೆಣ್ಣು 'ನಾನು ಒಪ್ಪಿರಲಿಲ್ಲ' ಅಂದರೆ ಕೋರ್ಟು ಅದನ್ನೇ ನಿಜವೆಂದು ಎಣಿಸಿ ಮುಂದೆ ಹೋಗಬೇಕು ಅಂತಾಯಿತು. ಆ ಹುಡುಗಿಗೆ ಮಾತ್ರ ನ್ಯಾಯ ಸಿಗಲಿಲ್ಲ. ಅದನ್ನು ಮುಚ್ಚಿಟ್ಟು ಗೆಲುವಿನ ಕಥೆ ಹೇಳಬಾರದು. ಆದರೆ ಮೇಷ್ಟ್ರುಗಳೇ, ಬರೆದವರು ನಿಮ್ಮಂಥ ನಾಲ್ಕು ಜನ ಪಾಠ ಹೇಳುವವರು ಅನ್ನುವುದನ್ನೂ ಮರೆಯಬಾರದು.

*

ಈಗ ದೊಡ್ಡವ್ವನ ಮಾತು. 'ತಡವಾಯಿತು' ಅನ್ನುವ ತೀರ್ಪಿನ ಬೇರು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. 1978ರ ಕಾಯ್ದೆ ಕಾಲಮಿತಿ ಹೇಳದಿದ್ದರೂ ತಕ್ಕ ಸಮಯದೊಳಗೆ ಬರಬೇಕು ಅಂತ ಅಲ್ಲಿ ಹೇಳಿತ್ತು. ಅದನ್ನು ಹಿಡಿದು ನಮ್ಮವರ ಅರ್ಜಿಗಳು ಉದುರತೊಡಗಿದವು. 2023ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. 2024ರಲ್ಲಿ ಹೈಕೋರ್ಟು, ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ, ಆ ಪ್ರಶ್ನೆ ಹಾಗೇ ಉಳಿದಿದೆ ಅಂದಿತು. ತಕ್ಕ ಸಮಯ ಯಾವುದು? ಓದು ಬರುವವನ ಸಮಯವೆ, ಬಾರದವನ ಸಮಯವೆ? ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ನಾನು ಹುಟ್ಟುವ ಮೊದಲು ಅಲ್ಲಿ ಕಾಯ್ದೆಯ ಹೆಸರು ಓದಬಲ್ಲವರು ಯಾರಿದ್ದರು? ಆದರೆ ಇದು ವಾದ ಮಾತ್ರ, ಇದೊಂದರ ಮೇಲೆ ಮರುಪರಿಶೀಲನೆ ಸಿಗುವುದಿಲ್ಲ. ನಾನೇ ಹಾಕಿಕೊಂಡ ಅಳತೆಯಲ್ಲೂ ಇದು 'ಸೋತೆ' ಅನ್ನುವ ಅರ್ಜಿಯೇ.

ದೊಡ್ಡವ್ವನಿಗೆ ಹಾಗೇ ಹೇಳಿದೆ. ಅವಳು ಎದ್ದು ಹೋಗಿ ಒಂದು ತಗಡಿನ ಡಬ್ಬಿ ತಂದು ಮುಂದಿಟ್ಟಳು. "ನಿಮ್ಮ ದೊಡ್ಡಪ್ಪ ಇಟ್ಟಿದ್ದು. ಏನೈತೋ ನೋಡು." ರೇಷನ್ ಕಾರ್ಡು, ಕಂದಾಯದ ರಸೀದಿ, ಅದರಡಿಯಲ್ಲಿ ಮಡಿಸಿ ಮಡಿಸಿ ಮಡಿಕೆ ಹರಿದ ಒಂದು ಕಾಗದ. 1993ನೇ ಇಸವಿಯ ಹಿಂಬರಹ. ನಿಮ್ಮ ಅರ್ಜಿ ತಲುಪಿದೆ, ಪರಿಶೀಲಿಸಲಾಗುವುದು ಅಂತ. ಸೀಲಿದೆ, ತಾರೀಖಿದೆ.

ಅಂದರೆ ದೊಡ್ಡಪ್ಪ 1993ರಲ್ಲೇ ಕೇಳಿದ್ದ. ಇಪ್ಪತ್ತೆಂಟು ವರ್ಷ ಸುಮ್ಮನಿದ್ದವರು ನಾವಲ್ಲ. ಅರ್ಜಿ ಯಾವುದೋ ಬೀರುವಿನಲ್ಲಿ ಮಲಗಿತ್ತು. ದೊಡ್ಡಪ್ಪ ತೀರಿಹೋದ. ಆ ಕಾಗದ ಏನು ಅಂತ ದೊಡ್ಡವ್ವನಿಗೆ ಗೊತ್ತಿರಲಿಲ್ಲ, ಯಾವ ವಕೀಲರೂ ಕೇಳಲಿಲ್ಲ, ಯಾವ ಕೋರ್ಟೂ ನೋಡಲಿಲ್ಲ. ಇದು ಕೇಳಿಸಲೇ ಇಲ್ಲ ಅನ್ನುವ ಅರ್ಜಿ. ಇದನ್ನು ಬರೆಯಬೇಕು. ನೋಡಿದ ಮೇಲೂ ಕೋರ್ಟು 'ಇಲ್ಲ' ಅನ್ನಬಹುದು. 'ಮೊದಲೇ ಯಾಕೆ ತರಲಿಲ್ಲ' ಅಂತ ಖಂಡಿತ ಕೇಳುತ್ತಾರೆ. ಕೇಳಲಿ, ಉತ್ತರವಿದೆ: ಓದುವವರಿರಲಿಲ್ಲ. ಆ ಉತ್ತರ ಕಾನೂನಿಗೆ ಸಾಕಾಗುತ್ತದೋ ಇಲ್ಲವೋ, ನಿಜವಂತೂ ಅದೇ. ಅದು ದಾಖಲೆಗೆ ಹೋಗಲಿ.

ಇದನ್ನು ಓದುತ್ತಿರುವ ಹಳ್ಳಿ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಮಾತು. ನಿಮ್ಮ ನಿಮ್ಮ ಕೇರಿಯ ಟ್ರಂಕುಗಳನ್ನು, ಡಬ್ಬಿಗಳನ್ನು ತೆಗೆಸಿ. ಒಂದೊಂದು ಕಾಗದವನ್ನೂ ಓದಿ ಹೇಳಿ. ತಾರೀಖು ಬರೆದಿಟ್ಟುಕೊಳ್ಳಿ. ತೀರ್ಪು ಬಂದಿದ್ದರೆ ಮೂವತ್ತು ದಿನದ ಲೆಕ್ಕ ಇಡಿ. ಎಷ್ಟೋ ತೀರ್ಪುಗಳನ್ನು ತಿದ್ದಬಲ್ಲ ಕಾಗದಗಳನ್ನು ನಮ್ಮ ಮನೆಗಳಲ್ಲಿ ಗೆದ್ದಲು ತಿನ್ನುತ್ತಿದೆ.

ಹನ್ನೊಂದು ದಿನ ಕಳೆದಿದೆ, ಹತ್ತೊಂಬತ್ತು ಉಳಿದಿದೆ. ರಾತ್ರಿ ಕೂತು ಅರ್ಜಿಯ ಸಂಗತಿಗಳನ್ನು ವಕೀಲರಿಗಾಗಿ ಒಪ್ಪವಾಗಿ ಬರೆಯುತ್ತಿದ್ದೆ. ಅಪ್ಪ ಪಕ್ಕದಲ್ಲಿ ಬಂದು ಕೂತ.

"ಆ ಹಿಂಬರಹ ಜೊತೆಗಿಟ್ಯಾ?"

"ಇಟ್ಟೆ."

"ಕೈಯಾಗೆ ತಗೊಂತಾರಾ?"

"ತಗೊಂಡೇ ತಗೊಬೇಕು. ತಗೊಂಡಿದ್ದಕ್ಕೆ ಸೀಲು ಹಾಕಿ ನಂಬರು ಕೊಡಬೇಕು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಒಂದು ನಕಲು ಮನೇಲೂ ಮಡಿಕ್ಕೊ."